ನಡಿಗೆಯೊಂದೇ ಸಾಲದು, ಬಲವೂ ಬೇಕು

ಅತಿಯಾದ ಬೊಜ್ಜು ಮತ್ತು ಏರಿದ ರಕ್ತದೊತ್ತಡ ಎರಡೂ ಕೂಡಿರುವವರಿಗೆ ನಮ್ಮ ಸಮಾಜ ಕೊಡುವ ಸಲಹೆ ಒಂದೇ: ‘ದಿನಾಲೂ ನಡೆಯಿರಿ, ಎಲ್ಲವೂ ಸರಿಹೋಗುತ್ತದೆ.’ ವೈದ್ಯರು ಇದನ್ನೇ ಹೇಳುತ್ತಾರೆ, ಬೀಗರು ಇದನ್ನೇ ಹೇಳುತ್ತಾರೆ, ಜಾತ್ರೆಯಲ್ಲಿ ಎದುರಾದ ಪರಿಚಿತರೂ ಇದನ್ನೇ ಹೇಳುತ್ತಾರೆ. ಸಲಹೆ ತಪ್ಪಲ್ಲ, ಆದರೆ ಅಪೂರ್ಣ. ನೂರು ಕಿಲೋ ದಾಟಿದ ದೇಹವನ್ನು ಹೊತ್ತು ಮುಂಜಾನೆ ನಡೆಯಲು ಹೊರಟವರು ನಾಲ್ಕನೆಯ ದಿನ ಮೊಣಕಾಲು ಹಿಡಿದು ಕೂರುತ್ತಾರೆ. ವಾರ ಕಳೆಯುವಷ್ಟರಲ್ಲಿ ಹೊಸ ಬೂಟು ಮೂಲೆ ಸೇರುತ್ತದೆ. ಕೊನೆಗೆ ಅವರ ಪಾಲಿಗೆ ಉಳಿಯುವುದು ‘ಸೋಮಾರಿ’ ಎಂಬ ಬಿರುದು ಮತ್ತು ಇಳಿಯದ ರಕ್ತದೊತ್ತಡ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಅತಿಸ್ಥೂಲರಾದ ರಕ್ತದೊತ್ತಡದ ರೋಗಿಗಳಿಗೆ ಎರಡು ಬಗೆಯ ವ್ಯಾಯಾಮವೂ ಬೇಕು. ಮೊದಲನೆಯದು ನಡಿಗೆಯಂತಹ, ದಮ್ಮನ್ನು ಬೆಳೆಸುವ ವ್ಯಾಯಾಮ. ಎರಡನೆಯದು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬಲವಿಲ್ಲದ ಕಾಲಿಗೆ ನಡಿಗೆಯನ್ನು ಹೊರಿಸುವುದು, ಗಾಲಿ ಗಟ್ಟಿಯಿಲ್ಲದ ಬಂಡಿಗೆ ಹೇರು ಹೇರಿದಂತೆ. ಇವೆರಡನ್ನೂ ಮಾಡುವಾಗ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಕೂಡದು. ಈ ಮೂರೂ ಮಾತುಗಳಿಗೆ ಕಾರಣವನ್ನು ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಬೊಜ್ಜು ಒತ್ತಡವನ್ನು ಏರಿಸುವ ಬಗೆ

ಕಿಲೋಗಳಲ್ಲಿ ಅಳೆದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ದೇಹತೂಕದ ಸೂಚ್ಯಂಕ ಸಿಗುತ್ತದೆ. ಭಾರತೀಯರಲ್ಲಿ ಇದು 25 ಮುಟ್ಟಿದರೆ ಬೊಜ್ಜು ಎಂದು ಎಣಿಸಬೇಕೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತದಿಂದ ಸೂಚಿಸಿದರು. ಇಲ್ಲಿ ನಾವು ಮಾತನಾಡುತ್ತಿರುವುದು ಅದಕ್ಕಿಂತ ಬಹಳ ಮುಂದಿನ ಹಂತದ ಬಗ್ಗೆ, ಎಂದರೆ ಸೂಚ್ಯಂಕ 35 ಅಥವಾ 40 ದಾಟಿದವರ ಬಗ್ಗೆ. 160 ಸೆಂಟಿಮೀಟರ್ ಎತ್ತರದವರು 90 ಕಿಲೋ ತೂಗಿದರೆ 35 ದಾಟುತ್ತದೆ, 103 ಕಿಲೋ ತೂಗಿದರೆ 40 ದಾಟುತ್ತದೆ.

ಇಂತಹ ದೇಹದಲ್ಲಿ ಒತ್ತಡ ಏರಲು ಕಾರಣ ಒಂದಲ್ಲ. ಹೊಟ್ಟೆಯೊಳಗೆ ಸೇರಿದ ಕೊಬ್ಬು ಮೂತ್ರಪಿಂಡಗಳನ್ನು ಸುತ್ತುವರಿದು ಒತ್ತುತ್ತದೆ, ಅವು ಉಪ್ಪನ್ನು ಹೊರಹಾಕುವುದರಲ್ಲಿ ಹಿಂದೆ ಬೀಳುತ್ತವೆ. ರಕ್ತನಾಳಗಳನ್ನು ಬಿಗಿಹಿಡಿಯುವ ನರಮಂಡಲವು ಹಗಲಿರುಳೂ ಎಚ್ಚರವಾಗಿಯೇ ಇರುತ್ತದೆ. ಇನ್ಸುಲಿನ್ ತನ್ನ ಕೆಲಸ ಮಾಡಲಾರದೆ ರಕ್ತದಲ್ಲಿ ಹೆಚ್ಚುತ್ತದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದರಿಂದ ನಿದ್ರೆಯಲ್ಲಿಯೂ ಒತ್ತಡ ಇಳಿಯುವುದಿಲ್ಲ. ಹೀಗೆ ಸೆಟೆದ ರಕ್ತನಾಳಗಳ ಎದುರು ಹೃದಯವು ವರ್ಷಗಟ್ಟಲೆ ದುಡಿದು ದಣಿಯುತ್ತದೆ. ಇದು ಸೋಮಾರಿತನಕ್ಕೆ ಸಿಕ್ಕ ಶಿಕ್ಷೆಯಲ್ಲ, ಒಂದು ವ್ಯಾಧಿ. ಅದನ್ನು ಹಾಗೆ ಕಂಡಾಗ ಮಾತ್ರ ಚಿಕಿತ್ಸೆ ಆರಂಭವಾಗುತ್ತದೆ.

ಒತ್ತಡವನ್ನು ಅಳೆಯುವಾಗಲೂ ಒಂದು ಎಚ್ಚರ ಬೇಕು. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿಯನ್ನು ಬಿಗಿದರೆ ಯಂತ್ರವು ಇರುವುದಕ್ಕಿಂತ ಹೆಚ್ಚಿನ ಒತ್ತಡವನ್ನು ತೋರಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲವು ತೋಳಿನ ಸುತ್ತಳತೆಯ ನೂರಕ್ಕೆ ಎಂಬತ್ತು ಭಾಗವನ್ನಾದರೂ ಸುತ್ತಬೇಕು. ಆದ್ದರಿಂದ ದೊಡ್ಡ ಪಟ್ಟಿಯಲ್ಲಿ ಅಳೆಯಿರೆಂದು ಕೇಳಲು ಸಂಕೋಚಪಡಬಾರದು. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಿಸಿಕೊಳ್ಳಬೇಕು.

ಶಾಸ್ತ್ರವೂ ಶರಣರ ಬದುಕೂ

ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲರ ಎಂಟು ದೋಷಗಳನ್ನು ಎಣಿಸುತ್ತದೆ. ಆಯುಷ್ಯ ಕುಂದುವುದು, ಚಲನೆ ಮಂದವಾಗುವುದು, ಅತಿಯಾದ ಹಸಿವೆ, ಅತಿಯಾದ ಬಾಯಾರಿಕೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ದೌರ್ಬಲ್ಯವೂ ಇದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ದೊಡ್ಡ ದೇಹವನ್ನು ಕಂಡು ದೊಡ್ಡ ಬಲವಿದೆಯೆಂದು ಜನ ಭಾವಿಸುತ್ತಾರೆ. ಮೇದಸ್ಸೊಂದೇ ಬೆಳೆದು ಉಳಿದ ಧಾತುಗಳಿಗೆ ಪೋಷಣೆ ಸಲ್ಲದಿರುವುದರಿಂದ ಇಂತಹವರು ದುರ್ಬಲರೆಂದು ಆಚಾರ್ಯರು ಅಂದೇ ಕಂಡಿದ್ದರು. ಸ್ಥೌಲ್ಯವನ್ನು ಕಳೆದುಕೊಳ್ಳಬಯಸುವವರು ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಿಕೊಳ್ಳಬೇಕೆಂಬುದು ಅದೇ ಅಧ್ಯಾಯದ ವಿಧಿ. ಒಂದೇ ದಿನದಲ್ಲಿ ಬೆಟ್ಟ ಹತ್ತಿಸುವ ಚಿಕಿತ್ಸೆ ಅಲ್ಲಿಲ್ಲ.

ಇನ್ನೂ ಸ್ವಾರಸ್ಯಕರವಾದ ಮಾತು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 11ನೆಯ ಅಧ್ಯಾಯದಲ್ಲಿದೆ. ಅದು ಪ್ರಮೇಹದ ಚಿಕಿತ್ಸೆಯ ಅಧ್ಯಾಯ. ಪ್ರಮೇಹವು ಸ್ಥೌಲ್ಯದ ಹತ್ತಿರದ ನಂಟ. ಅಲ್ಲಿ ಆಚಾರ್ಯರು ರೋಗಿಗೆ ನೂರು ಯೋಜನದಷ್ಟು ದೂರ ನಡೆಯುವುದನ್ನು ಹೇಳುತ್ತಾರೆ, ಹೊಲ ಉಳುವುದನ್ನು ಹೇಳುತ್ತಾರೆ, ಬಾವಿ ತೋಡುವುದನ್ನೂ ಹೇಳುತ್ತಾರೆ. ನಡೆಯುವುದು ದಮ್ಮಿನ ಕೆಲಸ, ತೋಡುವುದು ತೋಳು, ಬೆನ್ನು, ತೊಡೆಗಳ ಬಲದ ಕೆಲಸ. ಇಂದಿನ ವೈದ್ಯವಿಜ್ಞಾನವು ಕೂಡಿಸಿ ಮಾಡಿರೆನ್ನುವ ಎರಡು ವ್ಯಾಯಾಮಗಳೂ ಅಲ್ಲಿ ಒಂದೆಡೆ ಇವೆ.

ನಮ್ಮ ಶರಣರ ಕಾಯಕಗಳನ್ನು ನೆನೆದರೂ ಇದೇ ಕಾಣುತ್ತದೆ. ಮೋಳಿಗೆಯ ಮಾರಯ್ಯನವರು ಕಟ್ಟಿಗೆ ತರುತ್ತಿದ್ದರು. ಕಾಡಿನವರೆಗೆ ನಡಿಗೆ, ಮರಳುವಾಗ ತಲೆಯ ಮೇಲೆ ಹೊರೆ. ಮಡಿವಾಳ ಮಾಚಯ್ಯನವರು ಬಟ್ಟೆಯ ಗಂಟನ್ನು ಹೊತ್ತು ಹೊಳೆಗೆ ಹೋಗಿ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಅಂಬಿಗರ ಚೌಡಯ್ಯನವರು ಹುಟ್ಟು ಹಾಕುತ್ತಿದ್ದರು. ಅವರು ಇದನ್ನು ಆರೋಗ್ಯಕ್ಕಾಗಿ ಮಾಡಲಿಲ್ಲ, ನಿಜ. ಆದರೆ ದೇಹದ ದುಡಿಮೆಯನ್ನು ಕೀಳೆಂದು ಬಗೆಯದ ಪರಂಪರೆ ನಮ್ಮದು. ಬೀಸುವ ಕಲ್ಲು, ಒನಕೆ, ನೀರು ಸೇದುವ ಹಗ್ಗ, ಗರಡಿಮನೆಯ ಗುಂಡುಕಲ್ಲು ಇವೆಲ್ಲವೂ ಎರಡು ತಲೆಮಾರಿನೊಳಗೆ ಮನೆಯಂಗಳದಿಂದ ಮರೆಯಾದವು. ಅವುಗಳ ಜಾಗಕ್ಕೆ ಏನನ್ನೂ ತರದೆ, ‘ನಡೆಯಿರಿ’ ಎಂಬ ಒಂದು ಮಾತನ್ನು ಮಾತ್ರ ಉಳಿಸಿಕೊಂಡೆವು.

ಭಾರ ಎತ್ತಿದರೆ ಒತ್ತಡ ಏರುವುದಿಲ್ಲವೆ?

ಇದು ನಮ್ಮಲ್ಲಿಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಹದಾರ್ಢ್ಯ ಪಟುಗಳು ಎರಡೂ ಕಾಲುಗಳಿಂದ ಅತಿಭಾರವನ್ನು ತಳ್ಳುವಾಗ ಅವರ ರಕ್ತನಾಳದೊಳಗಿನ ಒತ್ತಡವನ್ನು ನೇರವಾಗಿ ಅಳೆಯಲಾಯಿತು. ಅದು ಸರಾಸರಿ 320/250ರವರೆಗೆ ಏರಿತ್ತು. ಅವರು ಎತ್ತಿದ್ದು ತಮ್ಮ ಶಕ್ತಿಯ ತುದಿಯನ್ನು ಮುಟ್ಟುವ ಭಾರ, ಅದೂ ಉಸಿರನ್ನು ಬಿಗಿಹಿಡಿದು, ಇನ್ನು ಸಾಧ್ಯವಿಲ್ಲವೆನ್ನುವವರೆಗೆ. ರೋಗಿಗಳಿಗೆ ನಾವು ಬೇಡವೆನ್ನುವುದು ಇದನ್ನೇ. ಹಗುರ ಭಾರವನ್ನು ಉಸಿರು ಬಿಡುತ್ತ ಎತ್ತಿ, ಉಸಿರು ತೆಗೆದುಕೊಳ್ಳುತ್ತ ಇಳಿಸಿ, ನಡುವೆ ವಿಶ್ರಾಂತಿ ಪಡೆದರೆ ಒತ್ತಡದ ಏರಿಕೆ ಮಿತಿಯಲ್ಲಿರುತ್ತದೆ, ಬೇಗ ಇಳಿಯುತ್ತದೆ.

ವ್ಯಾಯಾಮವನ್ನು ಅರ್ಧಶಕ್ತಿಯಲ್ಲಿ ನಿಲ್ಲಿಸಬೇಕೆಂದು ಆಯುರ್ವೇದವು ಹೇಳಿದ್ದರ ಮರ್ಮವೂ ಇದೇ. ಹಣೆಯ ಮೇಲೆ, ಮೂಗಿನ ಮೇಲೆ, ಸಂದುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅಲ್ಲಿಗೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಯಂತ್ರವಿಲ್ಲದ ಕಾಲದ ಈ ಅಳತೆಗೋಲು ಇಂದಿಗೂ ಉಪಯುಕ್ತವೇ.

ಇನ್ನು ಫಲದ ಮಾತು. 2017ರ ಅಮೆರಿಕದ ಹೃದ್ರೋಗ ತಜ್ಞರ ಮಾರ್ಗಸೂಚಿಯ ಪ್ರಕಾರ, ಅಧಿಕ ರಕ್ತದೊತ್ತಡವಿರುವವರಲ್ಲಿ ನಿಯಮಿತವಾದ ದಮ್ಮಿನ ವ್ಯಾಯಾಮವು ಮೇಲಿನ ಅಂಕಿಯನ್ನು 5ರಿಂದ 8ರಷ್ಟು ಇಳಿಸಬಲ್ಲದು. ಬಲದ ವ್ಯಾಯಾಮವು 4ರಷ್ಟು ಇಳಿಸಬಲ್ಲದು. ಎರಡನ್ನೂ ಮಾಡಿದರೆ ಈ ಅಂಕಿಗಳು ಹಾಗೆಯೇ ಕೂಡಿ ಬರುತ್ತವೆಂದು ನಾವು ಹೇಳುವುದಿಲ್ಲ. ಒತ್ತಡ ಇಳಿಸುವುದರಲ್ಲಿ ದಮ್ಮಿನ ವ್ಯಾಯಾಮದ ಪಾಲು ದೊಡ್ಡದು. ಅತಿಸ್ಥೂಲರ ವಿಷಯದಲ್ಲಿ ಆ ದಮ್ಮಿನ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಲು ಸಾಧ್ಯವಾಗಿಸುವುದು ಬಲದ ವ್ಯಾಯಾಮ. ತೊಡೆ ಗಟ್ಟಿಯಾದರೆ ಮೊಣಕಾಲಿನ ಮೇಲಿನ ಹೊರೆ ಹಗುರವಾಗುತ್ತದೆ. ಮೆಟ್ಟಿಲು ಹತ್ತುವುದು, ಬಕೆಟ್ ಎತ್ತುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಹೃದಯಕ್ಕೆ ಬೀಳುವ ಏದುಸಿರು ಕಡಿಮೆಯಾಗುತ್ತದೆ. ಸ್ನಾಯು ಬೆಳೆದಷ್ಟೂ ರಕ್ತದ ಸಕ್ಕರೆಗೆ ತಂಗಲು ಜಾಗ ಸಿಗುತ್ತದೆ. ಆಹಾರ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿಹೋಗದಂತೆ ತಡೆಯುವುದೂ ಇದೇ.

ಐದು ಅಂಕಿ ಇಳಿದರೆ ಏನು ಮಹಾ ಎನ್ನಬಾರದು. ಅನೇಕ ಔಷಧ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯು, ಮೇಲಿನ ಅಂಕಿಯನ್ನು 5ರಷ್ಟು ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಆಪತ್ತುಗಳು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತವೆಂದು ತೋರಿಸಿದೆ. ಇನ್ನೊಂದು ಮಾತನ್ನು ಅತಿಸ್ಥೂಲರು ಮುಖ್ಯವಾಗಿ ಅರಿಯಬೇಕು. ತೂಕದ ಯಂತ್ರದ ಮುಳ್ಳು ಅಲುಗದಿದ್ದರೂ ರಕ್ತದೊತ್ತಡ ಇಳಿಯಬಹುದು. ವ್ಯಾಯಾಮವೊಂದರಿಂದಲೇ ತೂಕ ಬಹಳ ಇಳಿಯುವುದು ಅಪರೂಪ, ಅದಕ್ಕೆ ಊಟದ ಶಿಸ್ತೂ ಬೇಕು. ಮೂರು ತಿಂಗಳಾದರೂ ತೂಕ ಇಳಿಯಲಿಲ್ಲವೆಂದು ವ್ಯಾಯಾಮ ಬಿಡುವವರು, ಕಣ್ಣಿಗೆ ಕಾಣದ ಲಾಭವನ್ನು ಕೈಯಾರೆ ಚೆಲ್ಲುತ್ತಾರೆ.

ಆರಂಭಿಸುವ ಕ್ರಮ

ಮೊದಲು ವೈದ್ಯರನ್ನು ಕಾಣಬೇಕು. ಇ.ಸಿ.ಜಿ., ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳು ಆಗಲಿ. ವಿಶ್ರಾಂತಿಯಲ್ಲಿಯೇ ಒತ್ತಡವು 180/110 ಮುಟ್ಟುತ್ತಿದ್ದರೆ ಅದು ಹತೋಟಿಗೆ ಬರುವವರೆಗೆ ಬಲದ ವ್ಯಾಯಾಮ ಬೇಡ. ಎದೆನೋವು, ಮಲಗಿದರೆ ಉಬ್ಬಸ, ಪಾದಗಳ ಬಾವು, ತಲೆ ಸುತ್ತಿ ಬೀಳುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ದಮ್ಮಿನ ವ್ಯಾಯಾಮ ಹೀಗೆ ಆರಂಭವಾಗಲಿ. ಸಮತಟ್ಟಾದ ನೆಲದ ಮೇಲೆ ಐದೈದು ನಿಮಿಷ, ದಿನಕ್ಕೆ ಮೂರು ಬಾರಿ. ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ವಚನ ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಒತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ನಾಡಿಬಡಿತವನ್ನು ಏರಗೊಡುವುದಿಲ್ಲ, ಆದ್ದರಿಂದ ನಾಡಿಯ ಎಣಿಕೆಗಿಂತ ಮಾತಿನ ಈ ಪರೀಕ್ಷೆಯೇ ನಂಬಲರ್ಹ. ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸುತ್ತ ಹೋಗಿ, ವಾರದಲ್ಲಿ ಐದು ದಿನ, ದಿನಕ್ಕೆ ಮೂವತ್ತು ನಿಮಿಷ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷಗಳ ಗುರಿ ತಲುಪಿದಂತೆ. ನಡೆಯಲು ಮೊಣಕಾಲು ಒಪ್ಪದವರು ಕುರ್ಚಿಯಲ್ಲಿ ಕುಳಿತೇ ಕಾಲುಗಳನ್ನು ಒಂದಾದ ಮೇಲೊಂದು ಎತ್ತಿ ಹೆಜ್ಜೆ ಹಾಕಬಹುದು, ನಿಂತ ಸೈಕಲ್ಲನ್ನು ತುಳಿಯಬಹುದು.

ಬಲದ ವ್ಯಾಯಾಮ ವಾರಕ್ಕೆ ಎರಡು ಅಥವಾ ಮೂರು ದಿನ, ದಿನ ಬಿಟ್ಟು ದಿನ ಸಾಕು. ಅದಕ್ಕೆ ಜಿಮ್ ಬೇಕಿಲ್ಲ. ಕೈಯಾಸರೆಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಮೇಲೆ ದಿಂಬಿಟ್ಟು ಎತ್ತರಿಸಿ, ಕುಳಿತು ಏಳುವುದು ಮೊದಲನೆಯದು. ಬಲ ಬಂದಂತೆ ದಿಂಬನ್ನು ತೆಗೆಯಬೇಕು, ಆಮೇಲೆ ಕೈಯ ಆಸರೆಯನ್ನೂ ಬಿಡಬೇಕು. ಗೋಡೆಗೆ ಎರಡೂ ಅಂಗೈ ಊರಿ ಮೈಯನ್ನು ತಳ್ಳುವುದು ಎರಡನೆಯದು. ಒಂದು ಲೀಟರಿನ ನೀರಿನ ಬಾಟಲಿಗಳನ್ನು ಎರಡೂ ಕೈಗಳಲ್ಲಿ ಹಿಡಿದು ಮೊಣಕೈ ಮಡಿಸುವುದು ಮೂರನೆಯದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ನಾಲ್ಕನೆಯದು. ಒಂದೊಂದನ್ನೂ ಎಂಟರಿಂದ ಹನ್ನೆರಡು ಬಾರಿ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮುಂದಿನದಕ್ಕೆ ಹೋಗಬೇಕು. ಮೊದಲ ಎರಡು ವಾರ ಒಂದು ಸುತ್ತು ಸಾಕು. ಎತ್ತುವಾಗ ಗಟ್ಟಿಯಾಗಿ ಎಣಿಸಿದರೆ ಉಸಿರು ತಾನಾಗಿಯೇ ಹೊರಬರುತ್ತದೆ, ಬಿಗಿಹಿಡಿಯುವ ಭಯವಿರುವುದಿಲ್ಲ. ಬಲದ ವ್ಯಾಯಾಮದ ದಿನ ಮೊದಲು ಐದು ನಿಮಿಷ ನಿಧಾನವಾಗಿ ಅಡ್ಡಾಡಿ ಮೈ ಬೆಚ್ಚಗಾಗಿಸಬೇಕು. ಮುಗಿದ ಮೇಲೂ ಥಟ್ಟನೆ ಕೂರದೆ ಹಾಗೆಯೇ ಅಡ್ಡಾಡಬೇಕು. ವ್ಯಾಯಾಮದ ನಂತರ ಕೆಲವು ಗಂಟೆಗಳ ಕಾಲ ಒತ್ತಡ ಕೆಳಗಿರುತ್ತದೆ. ಇದು ಹಿತವೇ, ಆದರೂ ಒಮ್ಮೆಲೇ ಎದ್ದರೆ ತಲೆ ಸುತ್ತಬಹುದು.

ಒತ್ತಡ ಹತೋಟಿಯಲ್ಲಿಲ್ಲದ ಅತಿಸ್ಥೂಲರು ಟಿ.ವಿ. ನೋಡಿ ಶೀರ್ಷಾಸನಕ್ಕಾಗಲಿ, ರಭಸದ ಕಪಾಲಭಾತಿಗಾಗಲಿ ಕೈಹಾಕುವುದು ನಮಗೆ ಸಮ್ಮತವಲ್ಲ. ಯುಗಾದಿಗೆ ಮುನ್ನ ಶ್ರೀಶೈಲ ಮಲ್ಲಯ್ಯನ ಸನ್ನಿಧಿಗೆ ಪಾದಯಾತ್ರೆ ಹೊರಡುವ ಭಕ್ತರಿಗೂ ಒಂದು ಮಾತು. ಬೇಸಿಗೆಯ ಬಿಸಿಲಿನಲ್ಲಿ ದಿನಗಟ್ಟಲೆ ನಡೆಯುವ ಆ ಯಾತ್ರೆಗೆ ಆರು ತಿಂಗಳಾದರೂ ಮೊದಲೇ ಮೈಯನ್ನು ಅಣಿಗೊಳಿಸಿ, ವೈದ್ಯರ ಒಪ್ಪಿಗೆ ಪಡೆಯಬೇಕು. ದಾರಿಯಲ್ಲಿ ಮಾತ್ರೆ ತಪ್ಪಿಸಬಾರದು. ಆಗದವರು ವಾಹನದಲ್ಲಿ ಹೋದರೆ ಭಕ್ತಿಗೆ ಕುಂದಿಲ್ಲ.

ಮಾತ್ರೆ ಮತ್ತು ನಾಟಿ ಔಷಧ

ಆಯುರ್ವೇದ ವೈದ್ಯರಾದ ನಾವೇ ಈ ಮಾತನ್ನು ಹೇಳಬೇಕು, ಬೇರೆಯವರು ಹೇಳಿದರೆ ಕೆಲವರಿಗೆ ಹಿಡಿಸದು. ‘ಆಯುರ್ವೇದ ಶುರುಮಾಡಿದೆವು, ಇನ್ನು ಬಿ.ಪಿ. ಮಾತ್ರೆ ಏಕೆ’ ಎಂದು ನಿಲ್ಲಿಸಿಬಿಡುವ ಭಕ್ತರು ಇದ್ದಾರೆ. ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗದಿರುವುದೇ ಇಲ್ಲಿನ ಮೋಸ. ರಕ್ತದೊತ್ತಡಕ್ಕೆ ನೋವಿಲ್ಲ, ಸದ್ದಿಲ್ಲ. ಅದು ತನ್ನನ್ನು ತಿಳಿಸುವುದು ಪಾರ್ಶ್ವವಾಯುವಿನ ದಿನ. ವ್ಯಾಯಾಮದಿಂದ ಒತ್ತಡ ಇಳಿದರೆ ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡುವುದು ಬರೆದುಕೊಟ್ಟ ವೈದ್ಯರ ಕೆಲಸ.

ನಮ್ಮ ಸರ್ಪಗಂಧದ ಹಿರಿಮೆ ನಮಗೆ ಗೊತ್ತು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನವು ಈ ಬೇರು ರಕ್ತದೊತ್ತಡವನ್ನು ಇಳಿಸುವುದನ್ನು ಜಗತ್ತಿಗೆ ತೋರಿಸಿತು. ಆದರೆ ಅದನ್ನು ಕೇಳಿದವರಿಂದ ತಂದು ಬೇರೆ ಮಾತ್ರೆಗಳ ಜೊತೆಗೆ ನುಂಗಿದರೆ ಒತ್ತಡ ತೀರ ಕುಸಿಯಬಹುದು, ಮನಸ್ಸಿಗೆ ಖಿನ್ನತೆ ಕವಿಯಬಹುದು. ಕೆಮ್ಮಿಗೆಂದು ದಿನವೂ ಜಗಿಯುವ ಜೇಷ್ಠಮಧುವು ಒತ್ತಡವನ್ನು ಏರಿಸುತ್ತದೆ. ಅಜೀರ್ಣಕ್ಕೆಂದು ತಿನ್ನುವ ಲವಣಭಾಸ್ಕರ ಚೂರ್ಣದಲ್ಲಿ ಹೆಸರೇ ಹೇಳುವಂತೆ ಉಪ್ಪಿದೆ. ಮನೆಮದ್ದಾದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ.

ಊಟದ ಬಗ್ಗೆ ಒಂದೆರಡು ಮಾತು ಸಾಕು. ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚದಷ್ಟು, ಎಂದರೆ 5 ಗ್ರಾಂ ಉಪ್ಪು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ. ಚರಕರು ಸ್ಥೂಲರಿಗೆ ಹೇಳಿದ ಹುರುಳಿ, ಹೆಸರು, ಜವೆಗೋಧಿಗಳು ಇಂದಿಗೂ ಒಳ್ಳೆಯವೇ. ಜೋಳದ ರೊಟ್ಟಿಯೂ ಒಳ್ಳೆಯದು, ಎಣಿಕೆ ಮಾತ್ರ ಇರಲಿ.

ಮಠ ಮತ್ತು ಮನೆ ಮಾಡಬೇಕಾದದ್ದು

ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕೂರಲಾರೆವು, ಕುಳಿತರೆ ಏಳಲಾರೆವು ಎಂದು ಸಂಕಟಪಡುವ ಭಕ್ತರು ನಮ್ಮ ನಡುವೆ ಅನೇಕರಿದ್ದಾರೆ. ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ಲಿಂಗಯ್ಯ ಮುನಿಯುವುದಿಲ್ಲ. ಆದರೆ ನೆಲದಿಂದ ತಾವಾಗಿಯೇ ಏಳುವ ಬಲವನ್ನು ಮರಳಿ ಪಡೆಯುವುದು ಅವರಲ್ಲಿ ಬಹಳ ಜನರಿಗೆ ಸಾಧ್ಯ. ಕುರ್ಚಿಯಿಂದ ಏಳುವ ಆ ಸಣ್ಣ ಅಭ್ಯಾಸವೇ ಅದಕ್ಕೆ ಮೊದಲ ಮೆಟ್ಟಿಲು. ತೂಕ ಇಷ್ಟು ಕಿಲೋ ಇಳಿಯಬೇಕೆಂಬ ಗುರಿಗಿಂತ, ಯಾರ ಕೈಯನ್ನೂ ಹಿಡಿಯದೆ ಪೂಜೆಯಿಂದ ಏಳಬೇಕೆಂಬ ಗುರಿ ಹೆಚ್ಚು ಅರ್ಥವುಳ್ಳದ್ದೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಮಠಗಳು ನೆರವಾಗಬಹುದು. ಆವರಣದಲ್ಲಿ ಸಮತಟ್ಟಾದ ನಡಿಗೆಯ ದಾರಿ, ಅಲ್ಲಲ್ಲಿ ಕೈಯಾಸರೆಯಿರುವ ಕುರ್ಚಿಗಳು, ಆರೋಗ್ಯ ಶಿಬಿರದಲ್ಲಿ ದೊಡ್ಡ ಪಟ್ಟಿಯಿರುವ ಒತ್ತಡದ ಯಂತ್ರ ಇಷ್ಟಿದ್ದರೆ ಸಾಕು. ಊರಿನ ರಸ್ತೆಯಲ್ಲಿ ನಡೆಯಲು ನಾಚುವ ತಾಯಂದಿರು ಮಠದ ಅಂಗಳದಲ್ಲಿ ನಾಲ್ವರು ಕೂಡಿ ನಾಚದೆ ನಡೆದಾರು. ದಾಸೋಹದ ಪಂಕ್ತಿಯಲ್ಲಿ ಬೇಡವೆಂದವರಿಗೆ ಹುಗ್ಗಿಯನ್ನು ಮತ್ತೆ ಬಡಿಸದಿರುವುದೂ ಒಂದು ಸೇವೆಯೇ.

ಮನೆಯವರು ಮಾಡಬೇಕಾದದ್ದು ಇನ್ನೂ ಸುಲಭ. ಹಂಗಿಸುವುದನ್ನು ಬಿಡಬೇಕು. ಹಂಗಿಸಿದರೆ ಯಾರ ಕೊಬ್ಬೂ ಕರಗುವುದಿಲ್ಲ, ಮುಂಬಾಗಿಲು ದಾಟುವ ಧೈರ್ಯ ಮಾತ್ರ ಕರಗುತ್ತದೆ. ಸೊಸೆಯಾಗಲಿ, ಮಗನಾಗಲಿ, ಪತಿಯಾಗಲಿ ಪತ್ನಿಯಾಗಲಿ, ಸಂಜೆ ಹತ್ತು ನಿಮಿಷ ಜೊತೆಗೆ ನಡೆಯಲಿ, ಕುರ್ಚಿಯ ಪಕ್ಕದಲ್ಲಿ ನಿಂತು ಎಣಿಸಲಿ. ಮೊದಲ ದಿನ ಐದು ಬಾರಿ ಎದ್ದವರು ಮುಂದಿನ ತಿಂಗಳು ಹತ್ತು ಬಾರಿ ಏಳುತ್ತಾರೆ. ರಾತ್ರಿಯ ಊಟವಾದ ಮೇಲೆ ಮಾತ್ರೆಯೂ ತಪ್ಪದಿರಲಿ.